ಚಿಂದಿಯ ಕುರ್ಚಿಯೂ ನಮ್ಮಕ್ಕನ ಮಂಡಿಯೂ

ನನ್ನ ಮೊಮ್ಮಗಳಿಗೆ ತಲೆ ಕೆಟ್ಟಿದೆ ಎಂದು ನಮ್ಮೂರು ತೆರಕಣಾಂಬಿಯವರು ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಮೊದಲು ಹಾಗೆ ಹೇಳಿದವಳೇ ನಾನಲ್ಲವೇ!

ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವುದು ಲೋಕರೂಢಿ. ಇವಳೋ, ನಾನು ಸೀರೆ ಮೇಲೆ ಸೀರೆ ಕೊಟ್ಟು ಸಂಪಾದಿಸಿದ್ದ ಬಿಂದಿಗೆಯನ್ನು ಕೊಟ್ಟು ಒಂದು ಮೂಟೆ ಚಿಂದಿ ತೆಗೆದುಕೊಂಡಳು! ಪಾತ್ರೆಯವಳೇ ಹೆದರಿ, "ಅಜ್ಜಿ, ಈ ಮಗೀಗೆ ಉಸಾರಿಲ್ವಾ?" ಎಂದಳು.

ಅದೂ ಸಾಲದೆ ಚಾಮರಾಜನಗರದ ದರ್ಜಿ ಅಂಗಡಿಗಳ ಚೂರುಗಳೆಲ್ಲ ಬಸ್ಸು ಹತ್ತಿ ಬಂದವು. "ಏನಮ್ಮಿ ಮೂಟೇಲಿ?" ಎಂದು ಕಂಡಕ್ಟರ್ ಕೇಳಿದನಂತೆ. "ಕುರ್ಚಿ ಕಣಣ್ಣಾ." "ಅಂಗಾರೆ ಅದ್ರ ಮ್ಯಾಲೇ ಕುಂತ್ಕೊ, ಸೀಟ್ ಬುಡು!"

ಕುರ್ಚಿ ಯಾರಿಗೆ? ಪುಣಜನೂರಿಗೆ ಕೊಟ್ಟಿರುವ ನಮ್ಮಕ್ಕನಿಗೆ. ಮಂಡಿ ಹಿಡಿದ ಮೇಲೆ ಅವಳು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಳು. ನೆಲದಲ್ಲಿ ಕೂತರೆ ಏಳಲಾರಳು. ನಮ್ಮ ಪ್ಲಾಸ್ಟಿಕ್ ಕುರ್ಚಿಯೋ, ಒಮ್ಮೆ ಕಾಲು ಚಾಚಿ ಅವಳನ್ನು ಬೀಳಿಸಿತ್ತು. ಫೋನಿನಲ್ಲಿ ಮಾತಾಡುತ್ತೇವೆ, ನಿಜ. ಆದರೆ ಫೋನಿನಲ್ಲಿ ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಳ್ಳಲಾಗುತ್ತದೆಯೇ? ನಾನು ಸೆರಗಿನಲ್ಲಿ ಕಣ್ಣೊರೆಸಿದ್ದನ್ನು ನೋಡಿಯೇ ಈ ಹುಡುಗಿಗೆ ಹುಚ್ಚು ಹತ್ತಿದ್ದು.

ಕುರ್ಚಿ ಎಷ್ಟು ಎತ್ತರವಿರಬೇಕೆಂದು ತಿಳಿಯಲು ಪುಣಜನೂರಿಗೇ ಹೋಗಿ ಅಕ್ಕನ ಮಂಡಿಗೆ ಟೇಪು ಹಿಡಿದಳು. "ಕಾಲ್ಗೂ ರವಿಕೆ ಒಲಿಸ್ತೀಯೇನಮ್ಮಿ?" ಎಂದಳಂತೆ ಅಕ್ಕ!

ಚಿಂದಿಯನ್ನು ಮೈದಾ ಗಂಜಿಯಲ್ಲಿ ಕಲಸಿ, ಹಲಗೆಯ ಅಚ್ಚಿಗೆ ತುಂಬಿ, ಮೇಲೆ ರುಬ್ಬುಗುಂಡು ಹೇರಿ ಒಣಗಿಸಿದಳು. ಮರದಂತೆ ಗಟ್ಟಿಯಾಯಿತು. ಆದರೇನು? ನಮ್ಮ ಹಸು ಗಂಜಿಯ ರುಚಿ ಹಿಡಿದು ಕುರ್ಚಿಯ ಒಂದು ಕಾಲನ್ನೇ ತಿಂದುಬಿಟ್ಟಿತು! "ನಾಳೆ ಆಲ್ನಲ್ಲಿ ಅಂಗಿ ಗುಂಡಿ ಬತ್ತದೆ ಕಣಕ್ಕ," ಎಂದಳು ಪಕ್ಕದ ಮನೆಯವಳು. ಮುಂದಿನ ಗಂಜಿಗೆ ಮೊಮ್ಮಗಳು ಬೇವಿನ ಸೊಪ್ಪು ಅರೆದು ಹಾಕಿದಳು. ಹಸು ಮೂಸಿ, ನನ್ನನ್ನು ದುರುಗುಟ್ಟಿ ನೋಡಿ ಹೋಯಿತು.

ಕೊನೆಗೂ ಅಕ್ಕ ಬಂದಳು. ಕೆಂಪು, ಹಳದಿ, ನವಿಲು ಬಣ್ಣದ ಚೂರುಗಳು ರಂಗೋಲಿಯ ಹಾಗೆ ಹರಡಿದ್ದ ಕುರ್ಚಿಯಲ್ಲಿ ಕೂತು, "ಮಾರಾಣಿ ಆಗ್ಬುಟ್ಟೆ ಕಣಮ್ಮಿ!" ಎಂದು ನಕ್ಕಳು. ನನ್ನ ಸಂತೋಷವನ್ನು ಎಲ್ಲಿಡಲಿ! ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಂಡೆವು. ಸತ್ತುಹೋದವರನ್ನೆಲ್ಲ ನೆನೆನೆನೆದು ಬೈದೆವು.

ಸಂಜೆ ಬಸ್ಸಿನ ಹಾರನ್ ಕೇಳಿಸಿತು. ಅಕ್ಕ ಕುರ್ಚಿಯ ಕೈ ಹಿಡಿದು, ಯಾರ ಆಸರೆಯೂ ಬೇಡದೆ, ಸಲೀಸಾಗಿ ಎದ್ದಳು. ಎದ್ದವಳು ಹೊರಟೇಹೋದಳು.

"ನೋಡ್ದಾ ಅಜ್ಜಿ, ಎಂಗೆ ಎದ್ಬುಟ್ರು!" ಮೊಮ್ಮಗಳು ಕುಣಿದಾಡಿದಳು.

ನೋಡಿದೆ. ಕುರ್ಚಿ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.

"ಇನ್ನೊಂದ್ಸಲ ಮಾಡ್ವಾಗ ಚೂರು ತಗ್ಗಾಗಿ ಮಾಡವ್ವ," ಅಂದೆ. "ಏಳಕ್ಕೆ ವಸಿ ಕಷ್ಟ ಆಗ್ಲಿ."