ಭಾವನ ಹೋಟೆಲಿಗೆ ನಾನು ಕೂರಿಸಿದ ಆಂಟೆನಾ

ಕಟ್ಟಡಗಳ ಒಳಗೆ ಮೊಬೈಲ್ ಸಿಗ್ನಲ್ ಸಿಗುವಂತೆ ಮಾಡುವುದು ನನ್ನ ಉದ್ಯೋಗ. ಗೋಡೆ ದಪ್ಪವಾಗಿ ಹೊರಗಿನ ಟವರಿನ ಸಿಗ್ನಲ್ ಒಳಗೆ ಬಾರದ ಆಸ್ಪತ್ರೆ, ಮಾಲ್, ಆಫೀಸುಗಳಲ್ಲಿ ಛಾವಣಿಗೆ ಅಲ್ಲಲ್ಲಿ ತಟ್ಟೆಯಷ್ಟು ಅಗಲದ ಆಂಟೆನಾ ಕೂರಿಸಿ, ಕೇಬಲ್ ಎಳೆದು, ಮೂಲೆಮೂಲೆಗೂ ನೆಟ್‌ವರ್ಕ್ ಮುಟ್ಟಿಸುತ್ತೇವೆ. ಯಾವುದನ್ನು ಎಲ್ಲಿ ಕೂರಿಸಬೇಕೆಂದು ನಕ್ಷೆಯ ಮೇಲೆ ಅಪ್ಪಣೆ ಕೊಡುವವನು ನಾನು. ದಿನಾ ಮುಂಬಯಿಯ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಹೊರಟು, ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ, ರಬಾಳೆಯ ಆಫೀಸಿಗೆ ನೇತಾಡಿಕೊಂಡು ಹೋಗುವ ಪ್ರಾಣಿಯಾದರೂ ಈ ಒಂದು ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗಿತ್ತು. ಇತ್ತು!

ನನ್ನ ಹೆಂಡತಿ ಸುಜಾತಾಳ ಅಣ್ಣ ವಾಸು ಭಾವನಿಗೆ ವಾಶಿಯಲ್ಲಿ ಹೋಟೆಲಿದೆ. ದೊಡ್ಡ ಆಫೀಸು ಕಟ್ಟಡವೊಂದರ ನೆಲಮಾಳಿಗೆಯಲ್ಲಿರುವ ಅಪ್ಪಟ ಉಡುಪಿ ಊಟದ ಹೋಟೆಲು. ಒಂದು ಕಾಲದಲ್ಲಿ ಮಧ್ಯಾಹ್ನ ಮೇಲಿನ ಆಫೀಸುಗಳ ಜನ ಮೆಟ್ಟಿಲ ತನಕ ಸಾಲು ನಿಲ್ಲುತ್ತಿದ್ದರು. ಈಗ ಯಾರ ಜೇಬಿನಲ್ಲೂ ನೋಟಿಲ್ಲ, ಎಲ್ಲರೂ ಫೋನಿನಲ್ಲೇ ಹಣ ಕೊಡುವವರು. ಆ ಫೋನು ಭಾವನ ಮೆಟ್ಟಿಲಿಳಿಯುವಾಗಲೇ ಪ್ರಾಣ ಬಿಡುತ್ತಿತ್ತು. ಬಾಸಿನ ಕರೆ ಬಾರದ ಜಾಗದಲ್ಲಿ ಊಟ ಮಾಡಲು ಇವತ್ತಿನವರಿಗೆ ಧೈರ್ಯವೂ ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಎದುರಿನ ಮಾಲಿಗೆ ದಾಟಿಕೊಂಡರು.

ಒಂದು ಭಾನುವಾರ ಭಾವ ನಮ್ಮ ಮನೆಗೆ ಬಂದವರು ಕಾಫಿ ಮುಟ್ಟಲಿಲ್ಲ.

"ಚೌತಿಯೊಳಗೆ ಮಧ್ಯಾಹ್ನದ ಗಿರಾಕಿ ವಾಪಸ್ ಬಾರದಿದ್ರೆ ಜಾಗದ ಮಾಲಕರಿಗೆ ಕೀ ಕೊಟ್ಟುಬಿಡುದು ಅಂತ ಮಾಡಿದ್ದೇನೆ" ಎಂದರು. "ಮತ್ತೆ ಎಂತ ಮಾಡುದು ಅಂತ ಕೇಳ್ಬೇಡಿ. ನನಗೆ ಅನ್ನ ಬಡಿಸುದು ಬಿಟ್ಟು ಬೇರೆ ಎಂತ ಗೊತ್ತುಂಟು?"

ಮಾತಿಗೊಮ್ಮೆ ನಗಿಸುವ ಭಾವ ನಗದೆ ಹೇಳಿದ ಮೊದಲ ಮಾತದು. ಸುಜಾತಾ ನನ್ನತ್ತ ತಿರುಗಿದಳು.

"ಇಡೀ ನವಿ ಮುಂಬಯಿಗೆ ಸಿಗ್ನಲ್ ಕೊಡ್ತೀರಿ. ನನ್ನ ಅಣ್ಣನಿಗೆ ಕೊಡ್ಲಿಕ್ಕೆ ಆಗುದಿಲ್ವಾ?"

"ಇದೆಂತ ಮಹಾ ಕೆಲಸ! ಭಾವ, ನಿಮ್ಮ ಉಪ್ಪಿನಕಾಯಿ ಜಾಡಿಯೊಳಗೂ ಸಿಗ್ನಲ್ ಬರುವ ಹಾಗೆ ಮಾಡ್ತೇನೆ!"

"ಪಪ್ಪಾ, ಪೆಹಲೇ ಅಪನಾ ಗೀಸರ್ ತೋ ಠೀಕ್ ಕರೋ" ಎಂದಳು ಮಗಳು. ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ. ಮೊದಲು ಮನೆಯ ಗೀಸರ್ ರಿಪೇರಿ ಮಾಡು ಎಂಬ ಅವಳ ಮಾತನ್ನು ನಾನು ಅಲಕ್ಷಿಸಿದೆ.

ಇಂಥದ್ದನ್ನು ನಮ್ಮಷ್ಟಕ್ಕೆ ನಾವು ಮಾಡುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಕಟ್ಟಡದ ಕಮಿಟಿಯವರಿಂದ ಮೊಬೈಲ್ ಕಂಪನಿಗೆ ಮನವಿ ಹೋಯಿತು. ನನ್ನ ಪುಣ್ಯಕ್ಕೋ ಭಾವನ ಪಾಪಕ್ಕೋ ಆ ಕೆಲಸ ನಮ್ಮ ಆಫೀಸಿಗೇ ಬಂತು. ನಾನು ಬಾಸಿನ ಕೈಕಾಲು ಹಿಡಿದು ಅದನ್ನು ನನ್ನ ತಲೆಗೇ ಕಟ್ಟಿಸಿಕೊಂಡೆ.

ಮೊದಲು ಸ್ಥಳ ಪರಿಶೀಲನೆ. ಕೈಯಲ್ಲಿ ಫೋನು, ತೋಳಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ಕಟ್ಟಡದ ಪ್ರತಿ ಮೂಲೆಯಲ್ಲೂ ನಡೆಯಬೇಕು. ಭಾವನಿಗೆ ತೊಂದರೆಯಾಗದಿರಲೆಂದು ಹೋಟೆಲಿನ ವಾರದ ರಜೆಯಂದೇ ಹೋದೆ. ಗಿರಾಕಿಗಳು ಕೂರುವ ಹಾಲಿನಲ್ಲಿ ಗಂಭೀರವಾಗಿ ನಡೆದಾಡಿದೆ. ಆದರೆ ಅಡುಗೆಮನೆಯ ಬಾಗಿಲಿಗೆ ಬಂದಾಗ ಒಂದು ಧರ್ಮಸಂಕಟ ಎದುರಾಯಿತು. ಭಾವನ ಅಡುಗೆಮನೆಗೆ ಯಾರೇ ಆಗಲಿ ಚಪ್ಪಲಿ, ಶೂ ಹಾಕಿಕೊಂಡು ಹೋಗುವಂತಿಲ್ಲ. ನನ್ನದು ಲೇಸಿನ ಶೂ. ಬಗ್ಗಬೇಕು. ಹೊಟ್ಟೆ ಅಡ್ಡ ಬರುತ್ತದೆ. ನಕ್ಷೆಯಲ್ಲಿ ಹಾಲಿಗೂ ಅಡುಗೆಮನೆಗೂ ನಡುವೆ ಪ್ಲೈವುಡ್ ಗೋಡೆ ಅಂತ ಸ್ಪಷ್ಟವಾಗಿ ಬರೆದಿತ್ತಲ್ಲ! ಹೊರಗಿನಿಂದಲೇ ಒಂದು ನಮಸ್ಕಾರ ಹಾಕಿ ವಾಪಸಾದೆ.

ಆಂಟೆನಾಕ್ಕೆ ಪ್ರಶಸ್ತ ಜಾಗ ಗಲ್ಲಾದ ನೆತ್ತಿಯ ಮೇಲಿತ್ತು. ಭಾವ ಕೈಮುಗಿದರು.

"ಅಲ್ಲಿ ದೇವರ ಪಟ ಉಂಟು ಮಾರಾಯ್ರೆ. ದೇವರ ತಲೆ ಮೇಲೆ ಇದನ್ನು ನೇತು ಹಾಕ್ಲಿಕ್ಕೆ ಆಗುದಿಲ್ಲ. ಸ್ವಲ್ಪ ಆಚೆ ಮಾಡಿ."

"ಅದಕ್ಕೇನು! ಎರಡು ಹೆಜ್ಜೆ ಹಿಂದೆ ಸರಿಸಿದರಾಯಿತು. ಪ್ಲೈವುಡ್ ತಾನೇ, ಸಿಗ್ನಲ್ ಆರಾಮಾಗಿ ದಾಟುತ್ತದೆ."

ಎರಡು ಹೆಜ್ಜೆ ಹಿಂದೆ ಅಂದರೆ ಗೋಡೆಯ ಆಚೆ, ಅಡುಗೆಮನೆ. ನನ್ನ ನಕ್ಷೆ ನೋಡಿ ಕೆಲಸಗಾರರು ಅಲ್ಲೇ ಕೂರಿಸಿದರು. ಶುಚಿತ್ವಕ್ಕೆಂದು ಭಾವ ಆ ಗೋಡೆಯ ಒಳಮೈಗೆ ನೆಲದಿಂದ ಛಾವಣಿಯ ತನಕ ಸ್ಟೀಲ್ ತಗಡು ಹೊಡೆಸಿದ್ದರು. ಸಿಗ್ನಲ್ಲಿಗೆ ಸ್ಟೀಲಿಗಿಂತ ದೊಡ್ಡ ಶತ್ರು ಇಲ್ಲ. ಶೂ ಬಿಚ್ಚಿದ್ದರೆ ಕಾಣುತ್ತಿತ್ತು!

ಉದ್ಘಾಟನೆಯ ದಿನ ಕೆಳಗೆ ಭರ್ತಿ ಸಿಗ್ನಲ್ ಉಂಟೆಂದು ಭಾವ ಮೆಟ್ಟಿಲ ಮೇಲೆ "ನೀಚೆ ಫುಲ್ ನೆಟ್‌ವರ್ಕ್" ಅಂತ ಬೋರ್ಡು ಹಾಕಿ, ಎಲ್ಲರಿಗೂ ಪಾಯಸ ಮಾಡಿಸಿದ್ದರು. ಜನ ಬಂದರು. ಕೂತರು. ಉಂಡರು. ಫೋನು ತೆಗೆದರು. ಒಂದು ಕಡ್ಡಿ ಸಿಗ್ನಲ್ ಇಲ್ಲ! ನಾನು ಅಡುಗೆಮನೆಯ ಬಾಗಿಲಿಗೆ ಓಡಿ ಶೂ ಬಿಚ್ಚಿದೆ. ಅಷ್ಟರಲ್ಲಿ ಒಳಗಿನಿಂದ ಅಡುಗೆಯ ಅನಂತ ಭಟ್ಟರ ಉದ್ಗಾರ ಕೇಳಿಸಿತು.

"ಹಲೋ! ಯಾರು? ಇವಳೇ, ನೀನಾ? ಎಷ್ಟು ಸ್ಪಷ್ಟ ಕೇಳ್ತದೆ! ಪಕ್ಕದಲ್ಲಿ ನಿಂತ ಹಾಗೆ!"

ನಾನು ನವಿ ಮುಂಬಯಿಯ ಅತ್ಯುತ್ತಮ ನೆಟ್‌ವರ್ಕನ್ನು ಸಾಂಬಾರಿನ ಹಂಡೆಗೆ ಒದಗಿಸಿದ್ದೆ.

ಹಾಲಿನಲ್ಲಿದ್ದವರಿಗೆ ಗುಟ್ಟು ತಿಳಿಯಲು ಹೊತ್ತು ಹಿಡಿಯಲಿಲ್ಲ. ಬಿಲ್ಲು ಹಿಡಿದುಕೊಂಡು ಎಲ್ಲರೂ ಅಡುಗೆಮನೆಗೆ ನುಗ್ಗಿದರು. ಹಣ ಕೊಡಲು ಬಂದವರನ್ನು ಬೇಡ ಅನ್ನುವಂತಿಲ್ಲ, ಶೂ ಸಮೇತ ಒಳಗೆ ಬಿಡುವಂತಿಲ್ಲ. ಭಾವ ಬಾಗಿಲಿಗೆ ಅಡ್ಡ ನಿಂತು "ಶೂಸ್ ಬಾಹರ್! ಚಪ್ಪಲ್ ಬಾಹರ್!" ಎಂದು ಕೂಗತೊಡಗಿದರು. ಬಾಗಿಲಲ್ಲಿ ಶೂಗಳ ರಾಶಿ ಬಿತ್ತು. ಟೈ ಕಟ್ಟಿದ ಒಬ್ಬ ಮಹಾಶಯ ಕಾಲುಚೀಲದಲ್ಲಿ ದೋಸೆ ಕಾವಲಿಯ ಹಿಂದೆ ನಿಂತು ಕಿವಿಗೆ ಫೋನಿಟ್ಟು ಮೀಟಿಂಗು ನಡೆಸಿದ. ಅವನ ಗಂಭೀರ ಮಾತಿನ ನಡುವೆ ಯಾರೋ "ಎರಡು ಮಸಾಲೆ!" ಎಂದು ಕಿರುಚಿದರು. ಭಟ್ಟರು ಸೌಟು ಕೆಳಗಿಟ್ಟರು.

"ವಾಸಣ್ಣ, ಇದು ಅಡುಗೆಮನೆಯಾ, ಠಾಣೆ ಸ್ಟೇಷನ್ನಾ? ನಾನು ಊರಿಗೆ ಹೋಗ್ತೇನೆ."

ಸಂಜೆ ಹೊತ್ತಿಗೆ ಬಾಗಿಲಲ್ಲಿ ಉಳಿದಿದ್ದದ್ದು ಯಾರಿಗೂ ಹೊಂದದ ಎರಡು ಎಡಗಾಲಿನ ಶೂಗಳು ಮಾತ್ರ. ನನ್ನವೂ ಹೋಗಿದ್ದವು. ಭಾವನ ಹವಾಯಿ ಚಪ್ಪಲಿ ಹಾಕಿಕೊಂಡು ಡೊಂಬಿವಲಿಗೆ ಬಂದೆ.

"ಹೇಗಾಯ್ತು?" ಎಂದಳು ಸುಜಾತಾ.

"ಚಿಕ್ಕಪುಟ್ಟ ತಿದ್ದುಪಡಿ ಬಾಕಿ ಇದೆ" ಎಂದೆ. ಅವಳು ನನ್ನ ಕಾಲು ನೋಡಿದಳು.

ತಿದ್ದುಪಡಿಗೆ ಮತ್ತೆ ಮೇಲಿನವರ ಒಪ್ಪಿಗೆ, ಮತ್ತೆ ಕೆಲಸಗಾರರು, ಮತ್ತೆ ಧೂಳು. ಭಟ್ಟರನ್ನು ಭಾವ ಹೇಗೋ ಸಮಾಧಾನ ಮಾಡಿ ಉಳಿಸಿಕೊಂಡರು. ಹೋಟೆಲು ಶುರುವಾದಂದಿನಿಂದ ಅಲುಗಾಡದ ದೇವರ ಪಟವನ್ನು ತಾವೇ ಕೈಯಾರೆ ತೆಗೆದು ಬೇರೆ ಗೋಡೆಗೆ ಹಾಕಿದರು. ಈ ಸಲ ಆಂಟೆನಾ ಹಾಲಿನ ನಟ್ಟನಡುವೆ ಕೂತಿತು. ಕೈ ತೊಳೆಯುವ ಮೂಲೆಯಲ್ಲೂ ವಿಡಿಯೋ ಕರೆ! ಮಾಲಿಗೆ ಹೋದವರೆಲ್ಲ ವಾಪಸ್ ಬಂದರು. "ಭಾವ, ನೀವು ಗೆದ್ದಿರಿ!" ಎಂದು ವಾಸು ಭಾವ ಫೋನು ಮಾಡಿದರು. ನಾನು ಆ ವಾರ ಮನೆಯಲ್ಲಿ ಎರಡೆರಡು ಸಲ ಕಾಫಿ ಕೇಳಿ ಪಡೆದೆ.

ಆಮೇಲೆ ಶುರುವಾಯಿತು. ಬಂದವರು ಏಳಲಿಲ್ಲ!

ಊಟದ ಹೋಟೆಲಿನ ಜೀವವಿರುವುದು ಏಳುವುದರಲ್ಲಿ. ಒಬ್ಬ ಮಜ್ಜಿಗೆ ಕುಡಿಯುವಾಗಲೇ ಇನ್ನೊಬ್ಬ ಅವನ ಕುರ್ಚಿಯ ಹಿಂದೆ ಬಂದು ನಿಂತಿರಬೇಕು. ಈಗ ಹಾಗಿಲ್ಲ. ಬೆಳಿಗ್ಗೆ ಒಂದು ಕಾಫಿ ಹೇಳಿ ಲ್ಯಾಪ್‌ಟಾಪ್ ಬಿಚ್ಚಿದವನು ಸಂಜೆ ಚಹದ ಹೊತ್ತಿಗೂ ಅಲ್ಲೇ. ಊಟಕ್ಕೆ ಬಂದವರು ಬಾಗಿಲಲ್ಲಿ ನಿಂತು, ನೋಡಿ, ಮತ್ತೆ ಮಾಲಿಗೇ ಹೋದರು. ಬಂದು ಕೂತವರನ್ನು ಏಳಿ ಎಂದು ಭಾವ ಜನ್ಮದಲ್ಲಿ ಹೇಳಿದವರಲ್ಲ. ಫ್ಯಾನು ನಿಲ್ಲಿಸಿದರು. ಗಿರಾಕಿಗಳು ಕೋಟು ಬಿಚ್ಚಿ ಕೂತರು. ಭಾವ ಮತ್ತೆ ಮತ್ತೆ ಟೇಬಲ್ ಒರೆಸಿದರು. ಅವರು ಲ್ಯಾಪ್‌ಟಾಪ್ ಎತ್ತಿ, ಒರೆಸಲು ಬಿಟ್ಟು, ಥ್ಯಾಂಕ್ಯೂ ಹೇಳಿ ಮತ್ತೆ ಇಟ್ಟರು. ಒಬ್ಬಳಂತೂ ಬಹಳ ವಿನಯದಿಂದ "ಅಂಕಲ್, ಮಿಕ್ಸರ್ ಥೋಡಾ ಬಂದ್ ಕರೇಂಗೆ? ಮೇರೀ ಮೀಟಿಂಗ್ ಚಾಲೂ ಹೈ" ಎಂದಳು. ಭಾವ ಮಿಕ್ಸರ್ ಆರಿಸಿ ಚಟ್ನಿ ನಿಲ್ಲಿಸಿದರು!

"ಇದಕ್ಕೆ ಆಫ್ ಮಾಡುವ ಸ್ವಿಚ್ ಇಲ್ವಾ?" ಎಂದು ನನ್ನನ್ನು ಕೇಳಿದರು.

"ಇಡೀ ಕಟ್ಟಡಕ್ಕೆ ಒಂದೇ ಸಂಪರ್ಕ ಭಾವ. ನಿಮ್ಮೊಬ್ಬರಿಗೆ ಬೇರೆ ಸ್ವಿಚ್ ಇಲ್ಲ. ದಯವಿಟ್ಟು ಆಂಟೆನಾ ಮುಟ್ಟಲು ಹೋಗಬೇಡಿ. ಅದು ಕಂಪನಿಯ ಆಸ್ತಿ, ಬಹಳ ನಾಜೂಕಿನದು. ನಾನು ವಿಧಿವತ್ತಾಗಿ ಮೇಲಿನವರಿಗೆ ಬರೆಯುತ್ತೇನೆ."

ಬರೆದೆ. ನೆಲಮಾಳಿಗೆಯ ಸಿಗ್ನಲ್ ಅತಿಯಾಗಿ ಚೆನ್ನಾಗಿರುವುದರಿಂದ ಅದನ್ನು ಕೆಡಿಸಲು ಅನುಮತಿ ಬೇಕೆಂದು ಪ್ರಪಂಚದಲ್ಲಿ ಮನವಿ ಮಾಡಿದ ಮೊದಲ ಎಂಜಿನಿಯರ್ ನಾನೇ ಇರಬೇಕು. ಬಾಸು ನನ್ನನ್ನು ಕರೆದು ಬೆನ್ನು ತಟ್ಟಿದರು. ಇನ್ನು ಮುಂದೆ ಹೊಸ ಗಿರಾಕಿಗಳಿಗೆ ಮಾದರಿಯಾಗಿ ಇದೇ ನೆಲಮಾಳಿಗೆಯನ್ನು ತೋರಿಸೋಣ ಎಂದರು. ಆ ಗಿರಾಕಿಗಳು ಬಂದರು, ನೋಡಿದರು. ಅವರೂ ಒಂದು ಕಾಫಿ ಹೇಳಿ ಕೂತರು!

ಚೌತಿ ಬಂತು. ಭಾವ ಕೀ ಕೊಡುತ್ತೇನೆಂದು ಜಾಗದ ಮಾಲಕರಿಗೆ ಮಾತು ಕೊಟ್ಟುಬಿಟ್ಟರು. ಸುಜಾತಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೊನೆಯ ದಿನ ಮಧ್ಯಾಹ್ನ ನಾನು ಹೋದಾಗ ಹೋಟೆಲು ಭರ್ತಿ. ನನಗೇ ಕೂರಲು ಜಾಗವಿಲ್ಲ. ಭಟ್ಟರು ಒಳಗೆ ಪಾತ್ರೆಗಳನ್ನು ತೊಳೆದು ಮಗುಚಿ ಇಟ್ಟಿದ್ದರು. ಭಾವ ಪ್ರತಿ ಟೇಬಲ್ಲಿಗೂ ಹೋಗಿ "ಬಂದ್ ಹೋ ರಹಾ ಹೈ ಸಾಬ್, ಹಮೇಶಾ ಕೇ ಲಿಯೇ" ಎಂದು ಹೋಟೆಲು ಕಾಯಂ ಮುಚ್ಚುವ ಸುದ್ದಿ ಹೇಳುತ್ತಿದ್ದರು. ಒಬ್ಬ ಕಿವಿಯ ಇಯರ್ ಫೋನು ತೆಗೆಯದೆ ಎರಡು ಬೆರಳೆತ್ತಿ, ಎರಡು ನಿಮಿಷ ಎಂದು ಸನ್ನೆ ಮಾಡಿದ. ಭಾವ ಶಟರಿನ ಕೋಲು ಹಿಡಿದುಕೊಂಡು ಕಾದು ನಿಂತರು. ತನ್ನ ಹೋಟೆಲನ್ನು ಮುಚ್ಚಲೂ ಆಗದ ಮನುಷ್ಯನನ್ನು ನಾನು ಮೊದಲ ಸಲ ನೋಡಿದೆ. ನನಗೆ ನಿಜವಾಗಿ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು.

ಒಳಗೆ ಹೋಗಿ ಸಾಂಬಾರಿನ ದೊಡ್ಡ ಸ್ಟೀಲ್ ಪಾತ್ರೆಯನ್ನು ಎತ್ತಿಕೊಂಡು ಬಂದೆ. ಹಾಲಿನ ಮಧ್ಯೆ ಸ್ಟೂಲಿಟ್ಟು ಹತ್ತಿದೆ. ಪಾತ್ರೆಯ ಬಾಯನ್ನು ಛಾವಣಿಗೆ ಒತ್ತಿ, ಕಂಪನಿಯ ಆ ನಾಜೂಕಿನ ಆಸ್ತಿಯನ್ನು ಪೂರ್ತಿ ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ತೊಳೆದ ನೀರು ಮೊಣಕೈಯಿಂದ ಬಗಲಿಗೆ ಇಳಿಯಿತು.

"ಹಲೋ? ಹಲೋ? ಆವಾಜ್ ಆ ರಹೀ ಹೈ?"

ಎಲ್ಲ ಟೇಬಲ್ಲುಗಳಿಂದಲೂ ಅದೇ ಮಾತು. ಲ್ಯಾಪ್‌ಟಾಪ್ ಮುಚ್ಚುವ ಸದ್ದು. ಕುರ್ಚಿ ಎಳೆಯುವ ಸದ್ದು. ಎರಡು ಬೆರಳಿನವನು ಎಲ್ಲರಿಗಿಂತ ಮೊದಲು ಮೆಟ್ಟಿಲೇರಿದ. ನೋಡನೋಡುತ್ತ ಹೋಟೆಲು ಖಾಲಿಯಾಯಿತು.

ಭಾವ ಖಾಲಿ ಟೇಬಲ್ಲುಗಳನ್ನು ನೋಡಿದರು. ಆಮೇಲೆ ತಲೆಯೆತ್ತಿ ಪಾತ್ರೆಯನ್ನು ನೋಡಿದರು. ಆಮೇಲೆ ನನ್ನನ್ನು.

"ಭಾವ, ಇಷ್ಟೇಯಾ?" ಎಂದು ಕೇಳಿದರು.

"ಹೂಂ."

"ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಹೀಗೆ ಮುಚ್ಚುದು, ಅವರು ಎದ್ದು ಹಣ ಕೊಡುವಾಗ ತೆಗೆಯುದು. ಅಷ್ಟು ಮಾಡಿದ್ರೆ ಸಾಕಿತ್ತಾ?"

ಹಾಲಿನಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ, ಪಾತ್ರೆ ಇಳಿಸಬಹುದಿತ್ತು. ಆದರೆ ಇಳಿಸಿದರೆ ಸ್ಟೂಲಿನಿಂದ ಕೆಳಗೆ ಬರಬೇಕು, ಬಂದರೆ ಭಾವನ ಎದುರು ನಿಲ್ಲಬೇಕು. ನಾನು ಅದನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ನಿಂತೆ.