ಹೆಣ್ಣು ಕೇಳಲು ಹೊರಟ ದಿನವೇ ಮೌನವ್ರತ ಹಿಡಿದ ಬಿಳಿ ಕಾರಿಗೆ

ಅಪ್ಪನ ಕಾಲದಿಂದ ನಮ್ಮ ಬಾಗಿಲಲ್ಲಿ ಬಿಜಯಂಗೈದಿರುವ, ಕರಕ್ ಊರಿನ ಏರುಗಳನ್ನೆಲ್ಲ ಕೆಮ್ಮುತ್ತಲೇ ಹತ್ತಿ ಇಳಿದಿರುವ, ಪರಮಪೂಜ್ಯ ಬಿಳಿ ಕಾರಿನವರಾದ ಮಾನ್ಯರೇ,

ತಮ್ಮ ರೇಡಿಯೇಟರಿನಲ್ಲಿ ನೀರು, ಟೈರುಗಳಲ್ಲಿ ಗಾಳಿ, ಮನಸ್ಸಿನಲ್ಲಿ ಶಾಂತಿ ಸದಾ ತುಂಬಿರಲೆಂದು ಹಾರೈಸಿ, ಹೆಸರಿಗಷ್ಟೇ ತಮ್ಮ ಮಾಲೀಕನಾದ ಗಸ್ಸಾನ್ ಎಂಬ ನಾನು ಇಡೀ ಬೀದಿಗೆ ಕೇಳುವಂತೆ ಮಾಡಿಕೊಳ್ಳುವ ಬಿನ್ನಹ. ಕಳೆದ ಶುಕ್ರವಾರ ತಾವು ನಡೆದುಕೊಂಡ ರೀತಿಯ ಬಗ್ಗೆ ದೂರು ಬರೆಯಬೇಕೆಂದೇ ಕುಳಿತಿದ್ದೇನೆ; ದೂರು ಇರಬೇಕಾದ ಕಡೆ ಹೊಗಳಿಕೆ ನುಸುಳಿದರೆ ಅದು ತಮ್ಮ ದೊಡ್ಡಸ್ತಿಕೆಯ ತಪ್ಪೇ ಹೊರತು ನನ್ನದಲ್ಲ.

ಹನಾದಿಯನ್ನು ನನಗೆ ಕೊಡಿರೆಂದು ಕೇಳಲು ಅಂದು ನಮ್ಮ ಕಡೆಯ ಹಿರಿಯರೆಲ್ಲ ಒಂಟೆಗೂದಲಿನ ನಿಲುವಂಗಿ ತೊಟ್ಟು ಹೊರಟಿದ್ದರು. ಅವಳ ತಂದೆ ಅಬು ನವ್ವಾಫ್ ಸೇನೆಯ ವಾಹನ ರಿಪೇರಿ ವಿಭಾಗದಲ್ಲಿ ಆಯಸ್ಸು ಸವೆಸಿ ನಿವೃತ್ತರಾದವರು. ಹಿಂದೊಮ್ಮೆ ಹೀಗೆಯೇ ಹೆಣ್ಣು ಕೇಳಲು ತಡವಾಗಿ ಬಂದವರನ್ನು ಅವರು, "ಹೊತ್ತಿಗೆ ಸರಿಯಾಗಿ ಬರೋಕಾಗ್ದೋನು ಹೊತ್ತಿಗೆ ಸರಿಯಾಗಿ ಅನ್ನ ಹಾಕ್ತಾನಾ?" ಎಂದು ಹೊಸಿಲಿನಿಂದಲೇ ಹಿಂದಕ್ಕೆ ಕಳುಹಿಸಿದ್ದು ಊರಿಗೆಲ್ಲ ಗೊತ್ತು. ಹೀಗೆ ನನ್ನ ಬಾಳು ಒಂದು ಕೀಲಿಯ ಮೇಲೆ ನಿಂತಿದ್ದಾಗ ಆ ಕೀಲಿಯನ್ನು ತಿರುಗಿಸಿದೆ. ತಾವು 'ಟಿಕ್' ಎಂದಿರಿ. ಅಲ್ಲಾಹನ ಹೆಸರು ಹೇಳಿ ಮತ್ತೆ ತಿರುಗಿಸಿದೆ. ಮತ್ತೆ 'ಟಿಕ್' ಎಂದು ಸುಮ್ಮನಾದಿರಿ.

ಬೇರೆ ಕಾರುಗಳಿರಲಿಲ್ಲವೇ ಎಂದು ತಾವು ಕೇಳಬಹುದು. ಬೀದಿಯುದ್ದಕ್ಕೂ ಇದ್ದವು. ಆದರೆ ನಮ್ಮ ಪರವಾಗಿ ಮಾತನಾಡಬೇಕಿದ್ದ ಹಾಜಿ ಮಿಥ್ಕಾಲ್ ಅವರನ್ನು ಆಗಲೇ ತಮ್ಮ ಮುಂದಿನ ಸೀಟಿನಲ್ಲಿ ಮರ್ಯಾದೆಯಿಂದ ಕೂರಿಸಿಯಾಗಿತ್ತು, ಹಾಗೆ ಕೂರಿಸಿದ ಹಿರಿಯರನ್ನು "ಸ್ವಲ್ಪ ಇಳೀರಿ, ಕಾರು ಕೆಟ್ಟಿದೆ" ಎಂದು ಎಬ್ಬಿಸುವಷ್ಟು ಮಾನಗೆಟ್ಟವರು ನಮ್ಮ ಕುಲದಲ್ಲಿ ಇನ್ನೂ ಹುಟ್ಟಿಲ್ಲ. ತಾವಾಗಿಯೇ ಇಳಿದರೆ ನಮಗೆ ಅವಮಾನವಾದೀತೆಂದು ಹಾಜಿಯವರೂ ಇಳಿಯಲಿಲ್ಲ. ಹೀಗೆ ಎರಡೂ ಕಡೆಯ ಮರ್ಯಾದೆಯ ನಡುವೆ ತಾವು ಆರಾಮವಾಗಿ ನಿಂತಿರಿ.

ಉಳಿದ ಹಿರಿಯರು ತಮ್ಮ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದರು. ಹೆಣ್ಣಿನ ಮನೆಯಲ್ಲಿ ಆಡಲೆಂದು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ತಮ್ಮ ಎಂಜಿನ್ನಿನ ಮೇಲೆ ಖರ್ಚಾದವು. ಒಬ್ಬರು "ಬ್ಯಾಟರಿ ಸತ್ತಿದೆ, ನಾನು ಬರೆದುಕೊಡ್ತೀನಿ" ಎಂದರು. ಬೇರೆ ಕಾರಿನ ಬ್ಯಾಟರಿಯಿಂದ ವೈರು ಎಳೆದರೂ ತಾವು 'ಟಿಕ್' ಎಂಬ ಒಂದೇ ಅಭಿಪ್ರಾಯಕ್ಕೆ ಅಂಟಿಕೊಂಡಿರಿ. ಇನ್ನೊಬ್ಬರು "ಪೆಟ್ರೋಲ್ ಪಂಪು" ಎಂದರು, ಮತ್ತೊಬ್ಬರು ಯಾವುದೋ ಅಜ್ಜನ ಕಾಲದ ಪಂಪಿನ ಕಥೆ ತೆಗೆದರು. ಕೊನೆಗೆ ಎಲ್ಲರೂ ನಿಲುವಂಗಿ ಎತ್ತಿಕಟ್ಟಿ, ಹಾಜಿ ಮಿಥ್ಕಾಲ್ ಸಮೇತ ತಮ್ಮನ್ನು ರೊಟ್ಟಿ ಭಟ್ಟಿಯ ತನಕ ಇಳಿಜಾರಿನಲ್ಲಿ ತಳ್ಳಿದರು. ಕಿಟಕಿಯಿಂದ ಹಾಜಿಯವರು ಭಟ್ಟಿಯವನಿಗೆ ಸಲಾಂ ಹೇಳಿದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ?

ಅಷ್ಟರಲ್ಲಿ ಹನಾದಿಯ ಫೋನು. ಅಡುಗೆಮನೆಯಿಂದ ಪಿಸುದನಿಯಲ್ಲಿ, "ಎಲ್ಲಿದ್ದೀಯ? ಅಪ್ಪ ಆಗ್ಲಿಂದ ಗಡಿಯಾರ ನೋಡ್ತಾ ಇದಾರೆ" ಎಂದಳು. ತಳ್ಳಿದ ಸಂಗತಿ ಹೇಳಿದೆ. "ಅದು ಆಟೊಮ್ಯಾಟಿಕ್ ಗೇರಿನ ಗಾಡಿ ಕಣೋ! ಅಮ್ಮಾನ್ ತನಕ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ" ಎಂದು ಬೈದು, ಹೆಡ್‌ಲೈಟು ಹಾಕಿ ಕೀಲಿ ತಿರುಗಿಸಲು ಹೇಳಿದಳು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ತಿರುಗಿಸಿದೊಡನೆ ನಂದಿದಂತಾಯಿತು. ಅವಳು ಒಂದೊಂದು ಪ್ರಶ್ನೆಗೂ ಮುಂಚೆ ಸುಮ್ಮನಾಗುತ್ತಿದ್ದಳು, ಅಲ್ಲಿ ಯಾರಾದರೂ ಬಂದುಬಿಟ್ಟರೇನೋ ಎಂದು ನಾನು ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ. ಕೊನೆಗೆ, "ಬ್ಯಾಟರಿಯಿಂದ ಗಾಡಿ ಮೈಗೆ ಬರೋ ಕಪ್ಪು ಕೇಬಲ್ ಇದೆಯಲ್ಲ, ಅದರ ತುದಿ ಮುಟ್ಟಿ ನೋಡು. ಬಿಸಿ ಇದ್ರೆ ಕರೆಂಟು ಅಲ್ಲೇ ಸಿಕ್ಕಿಹಾಕ್ಕೊಂಡಿದೆ" ಎಂದಳು.

ಮುಟ್ಟಿದೆ, ಬೆರಳು ಚುರ್ ಎಂದಿತು. ಆ ತುದಿಯನ್ನು ಹಿಡಿದಿದ್ದ ಬೋಲ್ಟಿನ ಮೇಲೆ ನೀಲಿ ದಾರದಿಂದ ಬಿಗಿಯಾಗಿ ಕಟ್ಟಿದ್ದ ಒಂದು ಪುಟ್ಟ ಬಟ್ಟೆಗಂಟು ಒದ್ದೆಯಾಗಿ ಕೂತಿತ್ತು. ಬಿಚ್ಚಿದರೆ ಕಲ್ಲುಪ್ಪು, ಪಟಿಕ, ಕರಿಜೀರಿಗೆ. ತಳ್ಳುವವರ ಚಹಾಕ್ಕೆಂದು ಬಿಸಿನೀರಿನ ಕೆಟಲು ಹಿಡಿದು ಹಿಂದೆಯೇ ಬಂದಿದ್ದ, ನನ್ನನ್ನು ಸಾಕಿದ ಸೋದರತ್ತೆ ಫಿದ್ದಾ ನಾಚಿಕೆಯೇ ಇಲ್ಲದೆ, "ಮತ್ತೆ ದೃಷ್ಟಿ ತಾಗಲ್ವೇನೋ? ಒಳ್ಳೇದು ನಡೆಯೋ ಹೊತ್ತಲ್ಲಿ ಹಾಳು ಕಣ್ಣು ಬೀಳೋದೇ ಗಾಡಿ ಮೇಲೆ, ಅದಕ್ಕೇ ಈ ಚಳಿಗಾಲದ ಶುರುವಲ್ಲೇ ಕಟ್ಟಿದ್ದೆ" ಎಂದರು. ಚಳಿಗಾಲದ ಮಂಜು ಕುಡಿದ ಉಪ್ಪು ಆ ಬೋಲ್ಟನ್ನು ಹಸಿರು ಬೂಷ್ಟಾಗಿ ತಿಂದಿತ್ತು. ಊರವರ ಕಣ್ಣುಗಳಿಂದ ತಮ್ಮನ್ನು ಕಾಯಲು ಇಟ್ಟ ಕಾವಲುಗಾರನೇ ತಮ್ಮ ಕತ್ತು ಹಿಸುಕಿದ್ದ. ಅತ್ತೆಯ ಚಹಾ ಕೆಟಲಿನ ಬಿಸಿನೀರು ಸುರಿದು, ಚಾಕುವಿನಿಂದ ಕೆರೆದು, ಬೋಲ್ಟು ಬಿಗಿದು ತಿರುಗಿಸಿದರೆ ತಾವು ಏನೂ ನಡೆದೇ ಇಲ್ಲವೆಂಬಂತೆ ಗುರುಗುಟ್ಟಿದಿರಿ. ಹಾಜಿ ಮಿಥ್ಕಾಲ್, "ಹೊರಡೋಣವಾ?" ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಇನ್ನು ಮುಂದೆ ಮುಷ್ಕರ ಹೂಡುವುದಿದ್ದರೆ ದಯವಿಟ್ಟು ನಾನು ಹಲ್ಲು ಕೀಳಿಸಲು ಹೊರಟ ದಿನ ಹೂಡಬೇಕು, ಮತ್ತು ಯಾರಾದರೂ ತಮ್ಮ ಹೊಟ್ಟೆಯೊಳಗೆ ಉಪ್ಪು ಕಟ್ಟಲು ಬಂದರೆ ಹಾರ್ನ್ ಹೊಡೆದು ನನ್ನನ್ನು ಕೂಗಬೇಕು.

ತಡವಾಗಿಯೇ ತಲುಪಿದೆವು. ಅಬು ನವ್ವಾಫ್ ಬಾಗಿಲಲ್ಲಿ ಒಮ್ಮೆ ಗಡಿಯಾರ ನೋಡಿ ದಾರಿ ಬಿಟ್ಟರು, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಕಾಫಿ ಬಂತು. ಕೇಳಿದ್ದನ್ನು ಕೊಡುವ ತನಕ ಅದಕ್ಕೆ ತುಟಿ ತಾಗಿಸುವಂತಿಲ್ಲವಾದ್ದರಿಂದ ಹಾಜಿ ಬಟ್ಟಲನ್ನು ಮುಂದಿಟ್ಟು, ವಂಶ, ದೇವರು, ಪ್ರವಾದಿ ಎಂದು ಆರಂಭಿಸಿದರು. ಅಬು ನವ್ವಾಫ್ ನಡುವೆಯೇ ಕೈ ಎತ್ತಿ ತಡೆದಾಗ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ನನ್ನ ಮಸಿ ಹತ್ತಿದ ಬೆರಳುಗಳನ್ನು ನೋಡಿ, "ಕೇಬಲ್ ಮುಟ್ಟಿ ನೋಡು ಅಂತ ಅವಳ ಇನ್ನೊಂದು ಕಿವೀಲಿ ಹೇಳ್ತಿದ್ದೋನು ನಾನೇ ಕಣಯ್ಯಾ. ಬೇಡದ ಅಳಿಯನ ಗಾಡಿ ಸ್ಟಾರ್ಟ್ ಆಗ್ಲಿ ಅಂತ ಯಾವ ಅಪ್ಪ ಒಲೆ ಪಕ್ಕ ಅಷ್ಟು ಹೊತ್ತು ನಿಲ್ತಾನೆ? ಕಾಫಿ ಕುಡೀರಿ, ಹಾಜಿ" ಎಂದರು.

ತಮ್ಮ ಮೇಲಿನ ಸಿಟ್ಟು ಇಳಿದರೂ ದೂರನ್ನು ಹಿಂತೆಗೆದುಕೊಳ್ಳದ,
ತಮ್ಮ ವಿಶ್ವಾಸಿ,
ಗಸ್ಸಾನ್

ತಾ.ಕ.: ಮದುವೆಯ ದಿನ ಹನಾದಿ ತಮ್ಮೊಳಗೆ ಕೂರುವುದಾದರೆ ಸ್ಟಿಯರಿಂಗ್ ಹಿಡಿದೇ ಕೂರುತ್ತಾಳೆ ಎಂಬುದು ಮಾವನವರ ಷರತ್ತು, ನಾನು ಒಪ್ಪಿದ್ದೇನೆ. 'ಟಿಕ್' ಎನ್ನುವ ಧೈರ್ಯವಿದ್ದರೆ ಇನ್ನು ಅವಳ ಮುಂದೆ ಅನ್ನಿ.