ನಾನು ಹೊಲಿದ ಮೊಲ

ಪುಟ್ಟ ಮಕ್ಕಳಿಗೆ ಪಾಠ ಹೇಳುವುದಕ್ಕೆಂದೇ ದೇವರು ನನ್ನನ್ನು ವಿಶೇಷ ಮುತುವರ್ಜಿಯಿಂದ ತಯಾರಿಸಿ ಗೌನಿಪಲ್ಲಿ ಕಡೆಯ ಆ ಹಳ್ಳಿಗೆ ಕಳಿಸಿದ್ದಾನೆಂದು ನಾನು ನಂಬಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಒಂದನೇ ಕ್ಲಾಸಿನ ಮಕ್ಕಳೆಲ್ಲ ಮನೆಯಲ್ಲಿ ತೆಲುಗು ಆಡುವವರು. ನಾನು ಕನ್ನಡದಲ್ಲಿ ಏನು ಹೇಳಿದರೂ ಮುಗುಳ್ನಗುತ್ತಿದ್ದವು, ಅಷ್ಟೇ! ಇದಕ್ಕೆ ಪರಿಹಾರವಾಗಿ ಕೋಲಾರದಲ್ಲಿ ನಮಗೊಂದು ತರಬೇತಿ ಕೊಟ್ಟರು. ಹಳೇ ಕಾಲುಚೀಲದಿಂದ ಬೊಂಬೆ ಹೊಲಿಯಬೇಕು, ಅದನ್ನು ಕೈಗೆ ತೊಟ್ಟುಕೊಂಡು ಅದರ ಬಾಯಲ್ಲಿ ಕನ್ನಡ ಆಡಿಸಬೇಕು. ತರಬೇತಿಗೆ ಬಂದಿದ್ದ ಇನ್‌ಸ್ಪೆಕ್ಟರ್ ಸಾಹೇಬರು ನನ್ನ ಉತ್ಸಾಹ ಕಂಡು, "ಬೊಂಬೆ ಪಾಠ ಚೆನ್ನಾಗಿ ಮಾಡಿ ತೋರ್ಸಮ್ಮ, ಮಾಲೂರಿಗೆ ವರ್ಗ ಮಾಡ್ಸೋದು ನನ್ನ ಜವಾಬ್ದಾರಿ" ಅಂದುಬಿಟ್ಟರು.

ಮಾಲೂರು! ನನ್ನ ಯಜಮಾನರು ಅಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಮದುವೆಯಾದಾಗಿನಿಂದ ಅವರ ಮುಖದರ್ಶನ ನನಗೆ ಭಾನುವಾರ ಮಾತ್ರ. ಒಂದು ಬೊಂಬೆಯಿಂದ ಸಂಸಾರ ಒಂದು ಕಡೆ ಸೇರುವುದಾದರೆ ಯಾವ ಹೆಂಗಸು ಬಿಡುತ್ತಾಳೆ ಹೇಳಿ?

ತೊಡಕಿದ್ದದ್ದು ನನ್ನ ಒಂದು ಹುಚ್ಚಿನಲ್ಲಿ. ಮಾಲೂರು ಸ್ಟೇಷನ್ ಹತ್ತಿರದ ಹಳೇ ಪೇಪರ್ ಅಂಗಡಿಯಲ್ಲಿ ರಟ್ಟು ಕಿತ್ತುಹೋದ, ನಮ್ಮಪ್ಪನ ಕಾಲದ ಇಂಗ್ಲಿಷ್ ಕಾಮಿಕ್ಸ್ ಸಿಗುತ್ತಿದ್ದವು. ಬಾವಿಯಿಂದ ಎದ್ದುಬರುವ ಮೂರು ಕಣ್ಣಿನ ಭೂತ, ಊರಿಗೆ ಊರೇ ನುಂಗುವ ಲೋಳೆಮುದ್ದೆ, ತನ್ನ ತಲೆಯನ್ನು ತಾನೇ ಕಂಕುಳಲ್ಲಿಟ್ಟುಕೊಂಡು ಓಡಾಡುವ ದೊರೆ! ಎಂಥ ಮಜಾ ಅಂತೀರಿ! ಯಜಮಾನರು ಭಾನುವಾರ ಮಲ್ಲಿಗೆ ಮರೆತು ಬಂದರೆ ಕ್ಷಮಿಸುತ್ತಿದ್ದೆ, ಭೂತ ಮರೆತು ಬಂದರೆ ಕಾಫಿ ಇಲ್ಲ. ಸಾರು ಸೀದು ಕರಕಲಾದರೂ ಪುಟದಿಂದ ಕಣ್ಣು ಕೀಳುತ್ತಿರಲಿಲ್ಲ.

ಆ ಭಾನುವಾರ ಸೂಜಿ ದಾರ ಹಿಡಿದು ಒಂದು ಮುದ್ದಾದ ಮೊಲ ಹೊಲಿಯಲು ಕೂತೆ. ಮನಸ್ಸು ಮೊಲ ಅನ್ನುತ್ತಿತ್ತು. ಕೈ ಮಾತ್ರ ಕಾಮಿಕ್ಸಿನ ಶಿಷ್ಯ! ಯಜಮಾನರು ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಏನೇ ಇದು?"

"ಮೊಲ ಕಣ್ರೀ. ಕಿವಿ ಉದ್ದ ಇಲ್ವಾ?"

"ಕಿವೀನಾ? ನಾನು ಕೊಂಬು ಅಂದ್ಕೊಂಡೆ. ಮತ್ತೆ ಈ ಕೋರೆಹಲ್ಲು?"

"ಗೆಡ್ಡೆ ಕಡಿಯೋಕೆ ಬೇಡ್ವೇನ್ರೀ?"

"ಲೇ, ಇದು ಗೆಡ್ಡೆ ಕಡಿಯೋ ಮೊಲ ಅಲ್ಲ ಕಣೇ, ಗೆಡ್ಡೆ ಬೆಳೆದೋನನ್ನೇ ಕಡಿಯೋ ಮೊಲ. ಅದಿರ್ಲಿ, ನನ್ನ ಇನ್ನೊಂದು ಕಾಲುಚೀಲ ಎಲ್ಲಿ?"

"ಅದು ಹೆಣ್ಣು ಮೊಲ" ಅಂದೆ.

ಸೋಮವಾರ ಬೊಂಬೆಯನ್ನು ಕೈಗೆ ತೊಟ್ಟು ಮೇಜಿನ ಹಿಂದೆ ಅಡಗಿ ಕೂತೆ. ಮಕ್ಕಳು ಬಂದು ಕೂತ ಮೇಲೆ ಮೊಲವನ್ನು ಮೆಲ್ಲಗೆ ಮೇಲೆತ್ತಿ, "ನಮಸ್ಕಾರ ಮಕ್ಕಳೇ!" ಎಂದೆ. "ಅಮ್ಮೋ, ದಯ್ಯಂ!" ಎಂಬ ಒಂದೇ ಕೂಗು! ದೆವ್ವ ಎನ್ನುವುದಕ್ಕೆ ಅವರ ತೆಲುಗು ಮಾತು ಅದು. ಬಾಗಿಲಿಂದ ಕೆಲವರು, ಕಿಟಕಿಯಿಂದ ಕೆಲವರು, ಕ್ಲಾಸು ಕ್ಷಣಾರ್ಧದಲ್ಲಿ ಖಾಲಿ. ಪಕ್ಕದ ಕೋಣೆಯಲ್ಲಿ ತೂಕಡಿಸುತ್ತಿದ್ದ ಹೆಡ್‌ಮಾಸ್ಟರೂ ಕಾರಣ ಕೇಳದೆ ಮಕ್ಕಳ ಜೊತೆ ಓಡಿದರು.

ಮಾರನೆಯ ದಿನ ಒಂದು ನರಪಿಳ್ಳೆಯೂ ಶಾಲೆಗೆ ಬರಲಿಲ್ಲ. ಬಂದವರು ಮಾವಿನ ತೋಪಿನ ಮುನಿವೆಂಕಟಪ್ಪ. ಬೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಟೀಚರಮ್ಮಾ, ಇದು ಸ್ಕೂಲಲ್ಲಿದ್ರೆ ಮಕ್ಳು ಬರಾಕಿಲ್ಲ. ನಂಗೆ ಕೊಡಿ. ತೋಪಿಗೆ ಕಣ್ಣು ಬಿದ್ದು ಪೂತ ಎಲ್ಲ ಉದುರ್ತಾ ಐತೆ. ದಿಷ್ಟಿಬೊಂಬೆಗೆ ಇಂಥ ಮೊಖಾನೇ ಹುಡುಕ್ತಿದ್ದೆ."

ಪೂತವೆಂದರೆ ಮಾವಿನ ಹೂವು. ನನ್ನ ಮೊಲಗಳ ಜೋಡಿ ಕೊಂಬೆಗೆ ನೇತಾಡಿದ ಮೇಲೆ ಆ ಹೂವು ನಿಂತಿತೋ, ಗಾಳಿ ನಿಂತಿತೋ, ಅಂತೂ ತೋಪು ಹೀಚುಗಾಯಿ ಕಚ್ಚಿತು. ಮಕ್ಕಳೂ ಶಾಲೆಗೆ ಬಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಮನುಷ್ಯಳು. "ನಮ್ಗೂ ಒಂದು ಟೀಚರಮ್ಮಾ" ಎಂದು ಜನ ಬಂದರು ನೋಡಿ, ತಲೆ ತಿರುಗಿಹೋಯಿತು! ಒಬ್ಬರಿಗೆ ಮೂರು ಕಣ್ಣಿನದು, ಇನ್ನೊಬ್ಬರಿಗೆ ಲೋಳೆಮುದ್ದೆ. ಕಾಲುಚೀಲ ಮುಗಿದು ತಲೆದಿಂಬಿನ ಚೀಲಗಳಿಗೆ ಕೈ ಹಾಕಿದೆ. ಊರಿಗೆಲ್ಲ ಹಂಚಿ, ಶಾಲೆಗೆಂದು ಒಂದನ್ನೂ ಇಟ್ಟುಕೊಳ್ಳಲಿಲ್ಲ.

ಆಗಲೇ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ತೋಪಿನ ದಾರಿಯಲ್ಲಿ ಸೈಕಲ್ ಮೇಲೆ ಬರುತ್ತ ಲೋಳೆಮುದ್ದೆಯನ್ನು ಎದುರಿಗೇ ಕಂಡು ನೇರ ತಿಪ್ಪೆಗೆ ಇಳಿದಿದ್ದರು! ಪ್ಯಾಂಟು ಒರೆಸಿಕೊಳ್ಳುತ್ತ, "ಎಲ್ಲಮ್ಮಾ ನಿಮ್ಮ ಬೊಂಬೆ?" ಎಂದರು. ನಾನು ತೋಪಿಗೆ ಓಡಿ ಕೈಮುಗಿದೆ. "ಕಾಯಿ ನಿಂತಿರೋವಾಗ ಬೊಂಬೆ ಇಳಿಸ್ತಾರೇನಮ್ಮಾ?" ಎಂದು ಮುನಿವೆಂಕಟಪ್ಪ ಮರಕ್ಕೇ ಅಡ್ಡ ನಿಂತರು. ಸರಿ, ಕ್ಲಾಸನ್ನೇ ತೋಪಿಗೆ ಎಬ್ಬಿಸಿಕೊಂಡು ಬಂದೆ.

"ಮಕ್ಕಳೇ, ಇದೇನು?"

"ದಯ್ಯಂ!"

"ಅಲ್ಲ, ಇದು ಮೊಲ!"

"ದಯ್ಯಮೇ, ಟೀಚರಮ್ಮಾ!"

ಸಾಹೇಬರು ನಿಟ್ಟುಸಿರು ಬಿಟ್ಟರು. "ನಿಮ್ಮನ್ನ ಬೇಗ ಮಾಲೂರಿಗೆ ಕಳಿಸ್ತೀನಿ ಕಣಮ್ಮಾ. ಈ ಊರಾದ್ರೂ ಬದುಕ್ಕೊಳ್ಳಲಿ."

ಮಾನ ಹೋದರೇನಂತೆ, ಮಾಲೂರು ಬಂತಲ್ಲ! ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮುನಿವೆಂಕಟಪ್ಪ ಟವಲ್ಲು ಕಂಕುಳಿಗೆ ಸೇರಿಸಿ ಸಾಹೇಬರ ಮುಂದೆ ಕೈಮುಗಿದರು. ಊರೇ ಅವರ ಹಿಂದೆ ನಿಂತಿತು.

"ನಮ್ಮ ಟೀಚರಮ್ಮನ್ನ ಕಳಿಸ್ಬ್ಯಾಡಿ ಸ್ವಾಮಿ! ಇಂಥೋರು ಇನ್ನೆಲ್ಲಿ ಸಿಗ್ತಾರೆ ನಮ್ಗೆ?"

ಸಾಹೇಬರು ಕರಗಿಹೋದರು. "ಒಬ್ಬ ಟೀಚರ್ ಮೇಲೆ ಊರಿಗೆ ಇಷ್ಟೊಂದು ಪ್ರೀತಿ! ನಾನು ತಪ್ಪು ತಿಳ್ಕೊಂಡಿದ್ದೆ. ನೀವಿಲ್ಲೇ ಇರ್ಬೇಕಮ್ಮಾ" ಎಂದು ಸೈಕಲ್ ಹತ್ತಿ ಹೋಗಿಯೇಬಿಟ್ಟರು.

ಮಾಲೂರು ಹೋಯಿತು, ಯಜಮಾನರು ಮತ್ತೆ ಭಾನುವಾರದ ಪಾಲಾದರು. ಆದರೂ ಎದೆ ಉಬ್ಬಿತು ಸ್ವಾಮಿ! ಶಿಕ್ಷಕಿಯಾದವಳಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೇ? ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಕೇಳಿದೆ:

"ಮುನಿವೆಂಕಟಪ್ಪನೋರೇ, ನನ್ನ ಪಾಠ ನಿಮಗೆಲ್ಲ ಅಷ್ಟೊಂದು ಹಿಡಿಸ್ತಾ?"

ಅವರು ಪಿಳಿಪಿಳಿ ನೋಡಿದರು.

"ಪಾಠಾನಾ? ಅದ್ಯಾರಾದ್ರೂ ಬಂದು ಹೇಳ್ಕೊಡ್ತಾರೆ ಬಿಡಮ್ಮಾ. ಬರೋ ವರ್ಷದ ಪೂತಕ್ಕೆ ಇಂಥ ದರಿದ್ರ ಮೊಖಗಳನ್ನ ಮಾಡ್ಕೊಡೋರು ಯಾರು?"